ಬಿಟ್ಟಿ ಅನ್ನವೂ ಬೇಡ, ಬಿಟ್ಟಿ ದುಡಿಮೆಯೂ ಬೇಡ

"ಜೈಲಿನಲ್ಲಿರುವ ಖೈದಿಗೆ ದಿನಕ್ಕೆ ಐನೂರು ರೂಪಾಯಿಗೂ ಮೇಲೆ ಕೂಲಿಯಂತೆ, ಹೊತ್ತುಹೊತ್ತಿಗೆ ಸರ್ಕಾರದ ಊಟ ಬೇರೆ!" ಈ ಮಾತು ಕೊಳ್ಳೇಗಾಲದ ಹೋಟೆಲುಗಳಲ್ಲಿ, ಹನೂರಿನ ಸಂತೆಯಲ್ಲಿ, ಯಳಂದೂರಿನ ಅಂಗಡಿ ಜಗಲಿಗಳ ಮೇಲೆ ಆಗಾಗ ಕೇಳಿಬರುತ್ತದೆ. ಮಾತಿನ ಹಿಂದಿರುವ ಸಂಕಟ ಸುಳ್ಳಲ್ಲ. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಗೂಡಿನಿಂದ ನೂಲು ತೆಗೆಯುವ ಹೆಣ್ಣುಮಗಳು, ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಹಗಲೆಲ್ಲಾ ಲಾಳಿ ಎಸೆಯುವ ನೇಕಾರ, ಉದ್ರಿ ಕೊಂಡೊಯ್ದ ಗಿರಾಕಿಯ ದಾರಿ ಕಾಯುತ್ತ ಕೂರುವ ಸಣ್ಣ ಅಂಗಡಿಯವನು, ಇವರೆಲ್ಲ ಆ ಐನೂರನ್ನು ತಮ್ಮ ದಿನದ ಸಂಪಾದನೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ನೋಡಿ, "ನಾವು ದುಡಿದರೆ ನಮಗೆ ಅನ್ನ, ಅವನಿಗೆ ಮಾತ್ರ ಬಿಟ್ಟಿ ಅನ್ನವೇಕೆ? ತನ್ನ ಖರ್ಚನ್ನು ತಾನೇ ದುಡಿದು ತೀರಿಸಲಿ" ಎನ್ನುತ್ತಾರೆ. ಈ ಪ್ರಶ್ನೆಯನ್ನು ಕೇಳುವ ಹಕ್ಕು ಅವರಿಗಿದೆ. ಉತ್ತರ ಹೇಳುವ ಹೊಣೆ ನಮ್ಮದು.

ನಮ್ಮ ಉತ್ತರ ಇಷ್ಟು. ಸಜೆಯಾದ ಖೈದಿ ದುಡಿಯಲಿ. ದುಡಿದುದಕ್ಕೆ ಪೂರ್ತಿ ಕೂಲಿ ಪಡೆಯಲಿ. ಆ ಕೂಲಿಯಿಂದ ತನ್ನ ಅನ್ನದ ಪಾಲನ್ನೂ ಕೊಡಲಿ. ಆದರೆ ಆ ಪಾಲು ಕೊನೆಯದಾಗಿರಲಿ, ಮೊದಲನೆಯದಾಗದಿರಲಿ. ಅಪರಾಧಿಯೆಂದು ಇನ್ನೂ ತೀರ್ಪಾಗದವನಿಂದ ಒಂದು ಕಾಸನ್ನೂ ಕೇಳದಿರಲಿ. ಹೀಗೆ ಹೇಳುವುದು ಖೈದಿಯ ಮೇಲಿನ ಕನಿಕರದಿಂದ ಮಾತ್ರವಲ್ಲ. ಹೊರಗೆ ದುಡಿಯುವ ಕೂಲಿಗಾರನ ಹೊಟ್ಟೆಪಾಡೂ ಇದರಲ್ಲಿ ಅಡಗಿದೆ. ಅದು ಹೇಗೆಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ಜೈಲಿನೊಳಗೆ ಇರುವವರು ಯಾರು? ಎಲ್ಲರೂ ಕಳ್ಳರು, ಕೊಲೆಗಡುಕರು ಎಂದು ಜನ ತಿಳಿಯುತ್ತಾರೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಕೇಂದ್ರ ಸರ್ಕಾರದ ಅಪರಾಧ ದಾಖಲೆ ಸಂಸ್ಥೆಯವರು ಕೊಟ್ಟಿರುವ ಅಂಕಿಯಂತೆ ೨೦೨೨ನೆಯ ಇಸವಿಯ ಕೊನೆಗೆ ಇಡೀ ದೇಶದ ಜೈಲುಗಳಲ್ಲಿದ್ದವರು ೫,೭೩,೨೨೦ ಮಂದಿ. ಇವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ಎಂದರೆ ನೂರಕ್ಕೆ ಎಪ್ಪತ್ತೈದು ಮಂದಿಗೂ ಹೆಚ್ಚು ಜನರ ಮೇಲಿನ ಆಪಾದನೆ ಇನ್ನೂ ರುಜುವಾತಾಗಿರಲಿಲ್ಲ. ಕಾನೂನಿನ ಕಣ್ಣಿಗೆ ಇವರೆಲ್ಲ ನಿಮ್ಮ ನಮ್ಮಂತೆ ನಿರಪರಾಧಿಗಳೇ. ಇವರಲ್ಲಿ ಎಷ್ಟೋ ಮಂದಿ ಒಳಗಿರುವುದು ಜಾಮೀನಿಗೆ ನಿಲ್ಲುವವರಿಲ್ಲದೆ, ಕಟ್ಟಲು ಹಣವಿಲ್ಲದೆ. ಹಣವಿದ್ದವನು ಸಂಜೆಗೆ ಮನೆಗೆ ಹೋಗುತ್ತಾನೆ. ಇಲ್ಲದವನು ವರುಷಗಟ್ಟಲೆ ಒಳಗೇ ಕೊಳೆಯುತ್ತಾನೆ. ಆಮೇಲೆ ಅವನ ಊಟದ ಖರ್ಚಿನ ಬಗ್ಗೆ ನಾವು ಲೆಕ್ಕ ಕೇಳುತ್ತೇವೆ!

ಹನೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೧೯೯೩ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬು ಸಿಡಿದು ೨೨ ಮಂದಿ ಸತ್ತರು. ವೀರಪ್ಪನ್ ಮಾಡಿಸಿದ ಆ ಕೃತ್ಯ ಘೋರವಾದದ್ದು; ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಳಿಕ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಿಂದ, ಗಡಿಯಾಚೆಯ ತಮಿಳು ಹಳ್ಳಿಗಳಿಂದ ನೂರಕ್ಕೂ ಹೆಚ್ಚು ಬಡವರನ್ನು, ಹೆಂಗಸರನ್ನೂ ಸೇರಿಸಿ, ಟಾಡಾ ಎಂಬ ಕಾನೂನಿನಡಿ ಹಿಡಿದು ಮೈಸೂರಿನ ಜೈಲಿಗೆ ತುಂಬಿದರು. ಆ ಕಾನೂನಿನ ಆಯಸ್ಸೇ ೧೯೯೫ರಲ್ಲಿ ಮುಗಿಯಿತು; ಅದರಡಿ ಹಿಡಿದವರ ಸೆರೆ ಮುಗಿಯಲಿಲ್ಲ. ೨೦೦೧ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಬಹುಪಾಲು ಮಂದಿಯ ಮೇಲಿನ ಆಪಾದನೆ ನಿಲ್ಲಲಿಲ್ಲ, ಅವರು ಬಿಡುಗಡೆಯಾದರು. ವಿಶೇಷ ಕಾರ್ಯಪಡೆಯ ಕೈಯಲ್ಲಿ ನೊಂದ ೮೯ ಮಂದಿಗೆ ೨ ಕೋಟಿ ೮೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ೨೦೦೭ರಲ್ಲಿ ಹೇಳಿತು.

ಈಗ ಯೋಚಿಸಿ ನೋಡಿ. ಖೈದಿ ತನ್ನ ಅನ್ನದ ಖರ್ಚನ್ನು ತಾನೇ ಕೊಡಬೇಕೆಂಬ ನಿಯಮ ಆಗ ಇದ್ದಿದ್ದರೆ, ಅಷ್ಟು ವರುಷ ಸುಮ್ಮನೆ ಸೆರೆಯಲ್ಲಿದ್ದವನ ಕೈಗೆ ಬಿಡುಗಡೆಯ ದಿನ ಊಟದ ಬಿಲ್ಲು ಕೊಡುತ್ತಿದ್ದರೆ? ಆ ವರುಷಗಳಲ್ಲಿ ಅವನ ಹೆಂಡತಿ ಮಕ್ಕಳು ಕೂಲಿನಾಲಿ ಮಾಡಿ ಹೇಗೆ ಬದುಕಿದರೆಂದು ಯಾರು ಲೆಕ್ಕವಿಟ್ಟರು? ಅವನು ಉತ್ತು ಬಿತ್ತಬೇಕಾಗಿದ್ದ ರಾಗಿ ಹೊಲ ಬೀಳುಬಿದ್ದದ್ದನ್ನು ಯಾರ ಖಾತೆಗೆ ಖರ್ಚು ಬರೆಯೋಣ? ಅಂಥವನಿಗೆ ಸರ್ಕಾರವೇ ಸಾಲಗಾರ. ಅವನು ಸರ್ಕಾರಕ್ಕೆ ಸಾಲಗಾರನಲ್ಲ.

ಇಲ್ಲೊಂದು ಹಳೆಯ ನ್ಯಾಯವನ್ನು ನಮ್ಮ ವ್ಯಾಪಾರಿ ಬಂಧುಗಳ ಗಮನಕ್ಕೆ ತರಬೇಕು. ಸಾಲ ತೀರಿಸದವನ ಮೇಲೆ ಸಾಹುಕಾರ ದಾವಾ ಹೂಡಿ ಡಿಕ್ರಿ ಪಡೆದು ಅವನನ್ನು ಸಿವಿಲ್ ಜೈಲಿಗೆ ಹಾಕಿಸುವ ಪದ್ಧತಿ ೧೯೦೮ರ ಸಿವಿಲ್ ಸಂಹಿತೆಯಲ್ಲಿದೆ. ಆದರೆ ಹಾಗೆ ಹಾಕಿಸುವ ಸಾಹುಕಾರ ಸಾಲಗಾರನ ಊಟದ ಬತ್ತೆಯನ್ನು ಮುಂಗಡವಾಗಿ ಕೋರ್ಟಿಗೆ ಕಟ್ಟಬೇಕು. ಬತ್ತೆ ನಿಲ್ಲಿಸಿದರೆ ಜೈಲಿನ ಬಾಗಿಲು ತೆರೆಯುತ್ತದೆ. ಬಡತನದಿಂದ ಸಾಲ ಕೊಡಲಾರದವನನ್ನು ಜೈಲಿಗೆ ಹಾಕುವುದೇ ಸಲ್ಲದೆಂದು ೧೯೮೦ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಆ ಮಾತು ಬೇರೆ. ಇಲ್ಲಿ ನಾವು ನೋಡಬೇಕಾದ ತತ್ವ ಇದು: ಬೀಗ ಹಾಕಿದವನೇ ಅನ್ನ ಹಾಕಬೇಕು. ಮನುಷ್ಯನ ಕೈಕಾಲು ಕಟ್ಟಿ ಕೂರಿಸಿ, ಅವನ ದುಡಿಮೆಯ ದಾರಿಯನ್ನೆಲ್ಲ ಮುಚ್ಚಿ, ಆಮೇಲೆ ನಿನ್ನ ಅನ್ನ ನೀನೇ ನೋಡಿಕೋ ಎನ್ನುವುದು ನ್ಯಾಯವಲ್ಲ. ಸಾಹುಕಾರನಿಗೆ ಒಪ್ಪುವ ನ್ಯಾಯ ಸರ್ಕಾರಕ್ಕೂ ಒಪ್ಪಬೇಕು.

ಹಾಗಾದರೆ ತಪ್ಪು ರುಜುವಾತಾಗಿ ಸಜೆಯಾದವನು ಸುಮ್ಮನೆ ಕೂತು ಉಣ್ಣಲೆ? ಬೇಡ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದೆಂದು ಹಿರಿಯರು ಹೇಳಿದ್ದಾರೆ. ನಮ್ಮ ನಾಡಿನ ಶರಣರು ಕಾಯಕವನ್ನು ದೊಡ್ಡದೆಂದರು. ಕಾಯಕದಿಂದ ಬಂದುದನ್ನು ಹಂಚಿ ಉಣ್ಣುವುದನ್ನು ದಾಸೋಹವೆಂದರು. ದುಡಿಮೆಯಿಲ್ಲದ ಸೆರೆವಾಸ ಮನುಷ್ಯನನ್ನು ಕೆಡಿಸುತ್ತದೆ. ಕೈಗೆ ಕೆಲಸವಿಲ್ಲದವನ ತಲೆಯಲ್ಲಿ ಹಳೆಯ ಹಗೆಯೇ ಬೇಯುತ್ತಿರುತ್ತದೆ. ಆದರೆ ಕಾಯಕವೇ ಬೇರೆ, ಬಿಟ್ಟಿ ಚಾಕರಿಯೇ ಬೇರೆ.

ಬ್ರಿಟಿಷರ ಕಾಲದ ಜೈಲು ಕಲಿಸಿದ್ದು ಬಿಟ್ಟಿ ಚಾಕರಿಯನ್ನು. ಮೆಕಾಲೆ ಸದಸ್ಯನಾಗಿದ್ದ ಸಮಿತಿಯೊಂದು ೧೮೩೮ರಲ್ಲಿ ವರದಿ ಕೊಟ್ಟು, ಖೈದಿಯ ಕೆಲಸ ಬೇಸರ ತರಿಸುವಂಥದಾಗಿರಬೇಕು, ಅದರಲ್ಲಿ ರುಚಿ ಇರಬಾರದು ಎಂದಿತು. ಅಂಡಮಾನಿನ ಸೆರೆಮನೆಯಲ್ಲಿ ಎತ್ತು ಕಟ್ಟಬೇಕಾದ ಗಾಣಕ್ಕೆ ದೇಶಭಕ್ತರನ್ನು ಕಟ್ಟಿದರು. ಕಲ್ಲು ಒಡೆಯುವುದು, ನಾರು ಬಡಿಯುವುದು, ರಾಗಿ ಬೀಸುವುದು ಇವುಗಳಿಂದ ಯಾರೂ ಕಸುಬು ಕಲಿತು ಮನುಷ್ಯರಾಗಲಿಲ್ಲ. ಬೆನ್ನು ಮುರಿದುಕೊಂಡರು ಅಷ್ಟೆ. ೧೮೯೪ರ ಜೈಲು ಕಾಯಿದೆ ಕ್ರಿಮಿನಲ್ ಖೈದಿಯ ದುಡಿತಕ್ಕೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಅದೇ ಕಾಯಿದೆಯಲ್ಲಿ ಸಿವಿಲ್ ಖೈದಿಗೆ ಮಾತ್ರ ತನ್ನ ಕಸುಬು ಮಾಡಿ ಸಂಪಾದಿಸುವ ಹಕ್ಕಿತ್ತು; ಜೈಲಿನ ಊಟ ಉಂಡರೆ, ಜೈಲಿನ ಸಲಕರಣೆ ಬಳಸಿದರೆ ಅದರ ಖರ್ಚು ಮುರಿದುಕೊಂಡು ಉಳಿದುದನ್ನು ಅವನ ಕೈಗೆ ಕೊಡಬೇಕಿತ್ತು. ಅನ್ನದ ಪಾಲು ಮುರಿದುಕೊಳ್ಳುವ ಮಾತು ಇಂದು ಹೊಸದಾಗಿ ಹುಟ್ಟಿದ್ದಲ್ಲ. ಆದರೆ ಅಂದಿನ ಕಾನೂನಿನಲ್ಲೂ ಮೊದಲು ಸಂಪಾದನೆ, ಆಮೇಲೆ ಮುರಿತ. ಕೂಲಿಯೇ ಇಲ್ಲದವನಿಂದ ಏನನ್ನು ಮುರಿಯುವುದು?

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನದ ೨೩ನೆಯ ಅನುಚ್ಛೇದ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಗೊತ್ತಾದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ದೆಹಲಿಯ ಏಷ್ಯಾಡ್ ಕೂಲಿಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೧೯೮೨ರಲ್ಲಿ ಹೇಳಿತು. ಮಾರನೆಯ ವರುಷವೇ ಕೇರಳದ ಹೈಕೋರ್ಟು ಖೈದಿಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದಿತು. ಕೊನೆಗೆ ೧೯೯೮ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ಅನ್ವಯಿಸುವಂತೆ ತೀರ್ಪು ಕೊಟ್ಟಿತು. ಅದರ ಸಾರ ಹೀಗಿದೆ: ಕಠಿಣ ಸಜೆಯಾದವನಿಂದ ಅವನು ಒಪ್ಪಲಿ ಬಿಡಲಿ ಕೆಲಸ ಮಾಡಿಸಬಹುದು, ಉಳಿದ ಖೈದಿಗಳು ತಾವಾಗಿ ಕೇಳಿಕೊಂಡರೆ ಮಾತ್ರ ಕೆಲಸ ಕೊಡಬಹುದು, ಮಾಡಿದ ಕೆಲಸಕ್ಕೆ ನ್ಯಾಯವಾದ ಕೂಲಿ ಕೊಡಲೇಬೇಕು, ಊಟ ಬಟ್ಟೆಯ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅಡ್ಡಿಯಿಲ್ಲ, ಅಪರಾಧದಿಂದ ನೊಂದವರಿಗೆ ಕೂಲಿಯ ಒಂದು ಪಾಲನ್ನು ತೆಗೆದಿಡಲು ಸರ್ಕಾರಗಳು ಕಾನೂನು ಮಾಡಬೇಕು.

ಈ ದಾರಿಯಲ್ಲೇ ಕರ್ನಾಟಕ ಸರ್ಕಾರ ೨೦೨೨-೨೩ರಲ್ಲಿ ಖೈದಿಗಳ ಕೂಲಿಯನ್ನು ಏರಿಸಿತು. ಕುಶಲತೆ ಇಲ್ಲದವನಿಗೆ ದಿನಕ್ಕೆ ೫೨೪ ರೂಪಾಯಿ. ಅತಿ ಕುಶಲನಾದವನಿಗೆ ೬೬೩ ರೂಪಾಯಿ. ಜಗಲಿಯ ಮೇಲಿನ ಮಾತಿಗೆ ಮೂಲ ಇದೇ. ಈ ಕೂಲಿ ಸುಮ್ಮನೆ ಕುಳಿತವನಿಗಲ್ಲ, ಸಜೆಯಾಗಿ ದುಡಿಯುವವನಿಗೆ ಎಂಬುದನ್ನು ಮಾತ್ರ ಜಗಲಿಯ ಮಾತು ಮರೆಯುತ್ತದೆ.

ಈಗ ಕಾರ್ಮಿಕ ಬಂಧುಗಳಿಗೆ ನೇರವಾಗಿ ಒಂದು ಮಾತು. ಖೈದಿಗೆ ಐನೂರು ಸಿಕ್ಕುವುದು ನಿಮಗೆ ಅನ್ಯಾಯವೆಂದು ತೋರುತ್ತದೆ. ಅನ್ಯಾಯ ನಿಜವಾಗಿ ಇರುವುದು ನಿಮಗೆ ಅಷ್ಟು ಸಿಕ್ಕದಿರುವುದರಲ್ಲಿ. ಕನಿಷ್ಠ ಕೂಲಿ ಎಂಬುದು ೧೯೪೮ರಿಂದ ಈ ದೇಶದ ಕಾನೂನು. ಸರ್ಕಾರ ತಾನು ಸೆರೆಯಲ್ಲಿಟ್ಟವನಿಗೆ ಆ ಲೆಕ್ಕದಲ್ಲಿ ಕೂಲಿ ಕೊಟ್ಟರೆ ನಿಮ್ಮ ಕೈಗೆ ಒಂದು ಅಳತೆಗೋಲು ಸಿಕ್ಕಿದಂತಾಯಿತು. ಗಿರಣಿಯ ಧಣಿಯ ಮುಂದೆ ನಿಂತು, "ಸ್ವಾಮಿ, ಜೈಲಿನ ಖೈದಿಗೆ ಇಷ್ಟು ಸಲ್ಲುವಾಗ ನಮಗೇಕೆ ಕಡಿಮೆ?" ಎಂದು ಕೇಳಿ. ಖೈದಿಯ ಕೂಲಿಯನ್ನು ಇಳಿಸಿದರೆ ನಿಮ್ಮ ಕೂಲಿ ಏರುವುದಿಲ್ಲ. ಎರಡೂ ಒಟ್ಟಿಗೇ ಇಳಿಯುತ್ತವೆ.

ಹೇಗೆ ಇಳಿಯುತ್ತವೆ? ಜೈಲಿನಲ್ಲೂ ಮಗ್ಗವಿದೆ, ಮರಗೆಲಸವಿದೆ, ಹೊಲಿಗೆಯಿದೆ, ಬೇಕರಿಯಿದೆ. ಅಲ್ಲಿ ಕೂಲಿ ಇಲ್ಲದೆ ಅಥವಾ ಕಾಸಿನ ಕೂಲಿಗೆ ಮಾಲು ತಯಾರಾದರೆ ಅದು ಪೇಟೆಗೆ ಅಗ್ಗವಾಗಿ ಬರುತ್ತದೆ. ಆಗ ಕೂಲಿ ಕೊಟ್ಟು ಬ್ರೆಡ್ಡು ಮಾಡಿಸುವ ಸಣ್ಣ ಬೇಕರಿಯವನು, ಆಳು ಇಟ್ಟು ಕುರ್ಚಿ ಮಾಡಿಸುವ ಬಡಗಿ, ಮನೆಮಂದಿಯೆಲ್ಲ ಸೇರಿ ನೇಯುವ ಕೊಳ್ಳೇಗಾಲದ ನೇಕಾರ ಇವರೆಲ್ಲ ಬಿಟ್ಟಿ ಮಾಲಿನ ಎದುರು ಹೇಗೆ ನಿಂತಾರು? ಅಮೆರಿಕದ ದಕ್ಷಿಣ ಸೀಮೆಗಳಲ್ಲಿ ಗುಲಾಮಗಿರಿ ೧೮೬೫ರಲ್ಲಿ ರದ್ದಾಯಿತು. ಆದರೆ ಅಪರಾಧಕ್ಕೆ ಶಿಕ್ಷೆಯಾದವರನ್ನು ಮಾತ್ರ ಆ ರದ್ದತಿಯಿಂದ ಹೊರಗಿಟ್ಟರು. ಸಣ್ಣಪುಟ್ಟ ನೆಪ ಹೂಡಿ ಕರಿಯರನ್ನು ಜೈಲಿಗೆ ಹಾಕಿ, ಅವರನ್ನು ಗಣಿಗಳ, ತೋಟಗಳ ಧಣಿಗಳಿಗೆ ಬಾಡಿಗೆಗೆ ಕೊಟ್ಟರು. ಅಲಬಾಮಾ ಸೀಮೆಯಲ್ಲಿ ಇದು ನಿಂತದ್ದು ೧೯೨೮ರಲ್ಲಿ. ಬಾಡಿಗೆ ಖೈದಿ ಸಿಕ್ಕುವಲ್ಲಿ ಸ್ವತಂತ್ರ ಕೂಲಿಗಾರನ ಮುಷ್ಕರಕ್ಕೆ ಬೆಲೆಯೆಲ್ಲಿ? ಈ ಕಾರಣದಿಂದಲೇ ಖೈದಿಯನ್ನು ಖಾಸಗಿಯವರಿಗೆ ಬಾಡಿಗೆ ಕೊಡಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ೧೯೩೦ರ ಒಡಂಬಡಿಕೆ ಹೇಳುತ್ತದೆ. ಭಾರತ ಅದಕ್ಕೆ ೧೯೫೪ರಲ್ಲಿ ಒಪ್ಪಿಗೆ ಕೊಟ್ಟಿದೆ. ಖೈದಿಗೆ ಪೂರ್ತಿ ಕೂಲಿ ಸಲ್ಲಬೇಕು, ಅವನ ಮಾಲು ಪೇಟೆಯ ಧಾರಣೆಗೇ ಮಾರಾಟವಾಗಬೇಕು. ಆಗಲೇ ಕೂಲಿಗಾರನಿಗೂ ಸಣ್ಣ ವ್ಯಾಪಾರಿಗೂ ರಕ್ಷಣೆ.

ಇನ್ನು ಕೂಲಿಯನ್ನು ಹಂಚುವ ಲೆಕ್ಕ. ಕಪ್ಪು ಹಲಗೆಯ ಮೇಲೆ ಬರೆದಂತೆ ಬಿಡಿಸಿ ನೋಡೋಣ. ದಿನಕ್ಕೆ ೫೨೪ರಂತೆ ತಿಂಗಳಿಗೆ ೨೬ ದಿನ ದುಡಿದರೆ ೧೩,೬೨೪ ರೂಪಾಯಿ. ಇದರಲ್ಲಿ ಕಾಲು ಪಾಲು, ಎಂದರೆ ೩,೪೦೬ ರೂಪಾಯಿ, ಅವನಿಂದ ನೊಂದವರಿಗೆ ಹೋಗಲಿ. ಕೊಲೆಯಾದವನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ. ಅವರನ್ನು ಇಲ್ಲಿಯವರೆಗೆ ಯಾರೂ ವಿಚಾರಿಸಿಲ್ಲ. ಅರ್ಧ ಪಾಲು, ೬,೮೧೨ ರೂಪಾಯಿ, ಖೈದಿಯ ಮನೆಗೆ ಹೋಗಲಿ. ತಪ್ಪು ಮಾಡಿದವನು ಅವನು. ಶಾಲೆ ಬಿಟ್ಟು ಕೂಲಿಗೆ ಹೋಗುವ ಮಗು ಯಾವ ತಪ್ಪನ್ನೂ ಮಾಡಿಲ್ಲ. ಉಳಿದ ೩,೪೦೬ರಲ್ಲಿ ಅರ್ಧ, ೧,೭೦೩ ರೂಪಾಯಿ, ಬಿಡುಗಡೆಯ ದಿನಕ್ಕೆಂದು ಅವನ ಹೆಸರಿನಲ್ಲಿ ಜಮೆಯಾಗಲಿ. ಜೈಲಿನ ಬಾಗಿಲಿನಿಂದ ಬರಿಗೈಯಲ್ಲಿ ಹೊರಬಂದವನು ಮತ್ತೆ ಅದೇ ಬಾಗಿಲಿಗೆ ಬರುವುದು ಬೇಗ. ಕೊನೆಯ ೧,೭೦೩ ರೂಪಾಯಿಯನ್ನು ಸರ್ಕಾರ ಅನ್ನ ಬಟ್ಟೆಯ ಲೆಕ್ಕಕ್ಕೆ ಮುರಿದುಕೊಳ್ಳಲಿ. ಇದು ನಮ್ಮ ಸಲಹೆ. ಪಾಲುಗಳನ್ನು ತುಸು ಹೆಚ್ಚು ಕಡಿಮೆ ಮಾಡಬಹುದು. ಪಾಲುಗಳ ಸರದಿಯನ್ನು ಮಾತ್ರ ಬದಲಿಸಬಾರದು. ದುಡಿಮೆಯ ಹಣದಿಂದ ಮನೆಗೆ ಕಳಿಸುವ ಮತ್ತು ಬಿಡುಗಡೆಯ ದಿನಕ್ಕೆ ಕೂಡಿಡುವ ಮಾತು ೨೦೧೫ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ನೆಲ್ಸನ್ ಮಂಡೇಲಾ ಅವರ ಹೆಸರಿನ ನಿಯಮಗಳಲ್ಲೂ ಇದೆ.

ಸರ್ಕಾರವೇ ಮೊದಲು ಕೈ ಹಾಕಿದರೆ ಏನಾಗುತ್ತದೆ? ಜೈಲಿನ ಖರ್ಚೆಂದರೆ ಅನ್ನ ಮಾತ್ರವಲ್ಲ. ಗೋಡೆ, ಬಂದೂಕು, ಅಧಿಕಾರಿಗಳ ಸಂಬಳ ಎಲ್ಲವೂ ಅದರಲ್ಲಿ ಸೇರಿದೆ. ಅಷ್ಟನ್ನೂ ಖೈದಿಯ ತಲೆಗೆ ಕಟ್ಟಿದರೆ ಕೂಲಿಯಲ್ಲಿ ಬಿಡಿಗಾಸೂ ಉಳಿಯದು. ಅಮೆರಿಕದ ಫ್ಲಾರಿಡಾ ಸೀಮೆಯ ಕಾನೂನಿನಲ್ಲಿ ಖೈದಿಯ ಮೇಲೆ ದಿನಕ್ಕೆ ೫೦ ಡಾಲರಿನಂತೆ ಸೆರೆವಾಸದ ಖರ್ಚು ಹೊರಿಸಲು ಅವಕಾಶವಿದೆ. ಸಜೆ ಮುಗಿದವನು ಹೊರಗೆ ಬರುವಾಗ ಹೊತ್ತು ತರುವುದು ಸಾಲದ ಮೂಟೆಯನ್ನು. ಸೆರೆಯಿಂದ ಬಿಡಿಸಿ ಜೀತಕ್ಕೆ ಕಟ್ಟಿದ ಹಾಗಾಯಿತು. ಜೀತವನ್ನು ನಾವು ೧೯೭೬ರಲ್ಲಿ ಕಾನೂನು ಮಾಡಿ ರದ್ದುಪಡಿಸಿದ್ದೇವೆ. ಅದನ್ನು ಜೈಲಿನ ಹಿಂಬಾಗಿಲಿನಿಂದ ಮತ್ತೆ ಒಳಗೆ ಬಿಡುವುದು ಬೇಡ.

ದುಡಿಮೆಯ ಮಾತು ಬಂದಾಗ, ಯಾರಿಗೆ ಯಾವ ದುಡಿಮೆ ಎಂಬುದನ್ನೂ ಕೇಳಬೇಕು. ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡಿಗೆ ಮೇಲ್ಜಾತಿಯವರಿಗೆ, ಕಕ್ಕಸು ಬಳಿಯುವುದು ಇಂಥ ಜಾತಿಯವರಿಗೆ ಎಂಬ ನಿಯಮ ತೀರ ಈಚಿನವರೆಗೂ ಉಳಿದಿತ್ತು. ೨೦೨೪ರ ಅಕ್ಟೋಬರ್ ೩ರಂದು ಸುಪ್ರೀಂ ಕೋರ್ಟು ಇಂಥವನ್ನೆಲ್ಲ ಹೊಡೆದುಹಾಕಿ, ಜೈಲಿನ ದಫ್ತರದಿಂದ ಜಾತಿಯ ಕಲಮನ್ನೇ ತೆಗೆಯಬೇಕೆಂದಿತು. ತೀರ್ಪಾಯಿತು, ಪೊರಕೆ ಯಾರ ಕೈಯಲ್ಲಿದೆ ಎಂದು ನೋಡುವವರು ಬೇಕು. ೨೦೨೫ರಲ್ಲಿ ಜೀವಾವಧಿ ಸಜೆಯಾದ ಮಾಜಿ ಲೋಕಸಭಾ ಸದಸ್ಯರೊಬ್ಬರಿಗೆ ಪರಪ್ಪನ ಅಗ್ರಹಾರದ ಜೈಲಿನಲ್ಲಿ ಗ್ರಂಥಾಲಯದ ಗುಮಾಸ್ತಿಕೆ ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಓದು ಬಲ್ಲವನಿಗೆ ಪುಸ್ತಕದ ಕೆಲಸ ಕೊಡುವುದರಲ್ಲಿ ತಪ್ಪಿಲ್ಲ. ಹಾಗೆಯೇ ಹೆಬ್ಬೆಟ್ಟಿನವನಿಗೆ ಅಕ್ಷರವನ್ನೂ, ಕೈ ಹಿಡಿಯುವ ಒಂದು ಕಸುಬನ್ನೂ ಕಲಿಸುವುದು ಸರ್ಕಾರದ ಕರ್ತವ್ಯ. ಹೊರಗಿನ ಮೇಲುಕೀಳು ಒಳಗೂ ಹಾಗೆಯೇ ಮುಂದುವರಿದರೆ ಅದನ್ನು ಸುಧಾರಣೆ ಎನ್ನಲಾಗದು.

ಜೈಲಿನ ಖರ್ಚು ಇಳಿಯಬೇಕೆಂಬುದು ನಿಜವಾದ ಕಾಳಜಿಯಾಗಿದ್ದರೆ ಅದಕ್ಕೆ ನೆಟ್ಟಗಿನ ದಾರಿಯಿದೆ. ೨೦೨೪ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯ ೪೭೯ನೆಯ ಕಲಮಿನಂತೆ, ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾಧೀನನು ಆ ಅಪರಾಧದ ಗರಿಷ್ಠ ಸಜೆಯ ಮೂರನೆಯ ಒಂದು ಭಾಗವನ್ನು ಒಳಗೇ ಕಳೆದಿದ್ದರೆ, ಮರಣದಂಡನೆ, ಜೀವಾವಧಿಯಂಥ ದೊಡ್ಡ ಆಪಾದನೆಗಳ ಹೊರತು, ಬಿಡುಗಡೆಗೆ ಅರ್ಹನಾಗುತ್ತಾನೆ. ಜಾಮೀನಿನ ಹಣವಿಲ್ಲದ ಬಡವನಿಗೆ ೪೦,೦೦೦ ರೂಪಾಯಿಯವರೆಗೆ ನೆರವು ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ೨೦೨೩ರಲ್ಲಿ ತಂದಿದೆ. ಇವೆರಡೂ ಕಾಗದದಿಂದ ಜೈಲಿನ ಬಾಗಿಲಿನವರೆಗೆ ನಡೆದುಬಂದರೆ ಸರ್ಕಾರಕ್ಕೆ ಉಳಿಯುವ ಅನ್ನದ ಖರ್ಚು, ಖೈದಿಯ ಕೂಲಿಯಲ್ಲಿ ಮುರಿಯುವುದಕ್ಕಿಂತ ಹೆಚ್ಚಾದೀತು.

ಆದಕಾರಣ ನಮ್ಮ ಒತ್ತಾಯಗಳು ಇವು:

೧. ಸಜೆಯಾಗಿ ದುಡಿಯುವ ಖೈದಿಗೆ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ಕೂಲಿ ಸಲ್ಲಬೇಕು. ಗಿರಣಿ, ಅಂಗಡಿ, ಹೊಲಗಳಲ್ಲಿ ದುಡಿಯುವವರಿಗೂ ಅದೇ ಕಾನೂನು ನಿಜವಾಗಿ ಜಾರಿಯಾಗಬೇಕು.

೨. ಕೂಲಿಯ ಹಂಚಿಕೆಯಲ್ಲಿ ನೊಂದವರು, ಮನೆಯವರು, ಉಳಿತಾಯ ಮೊದಲು. ಸರ್ಕಾರದ ಅನ್ನದ ಪಾಲು ಕೊನೆಗೆ. ಪ್ರತಿ ತಿಂಗಳೂ ಖೈದಿಗೆ ಅವನು ಓದಬಲ್ಲ ಭಾಷೆಯಲ್ಲಿ ಲೆಕ್ಕ ಕೊಡಬೇಕು.

೩. ವಿಚಾರಣಾಧೀನರಿಂದ ಖರ್ಚು ಕೇಳಕೂಡದು; ಅವರಾಗಿ ಕೇಳಿದರೆ ಕೆಲಸವನ್ನೂ ಪೂರ್ತಿ ಕೂಲಿಯನ್ನೂ ಕೊಡಬೇಕು.

೪. ಖೈದಿಗಳನ್ನು ಖಾಸಗಿ ಧಣಿಗಳಿಗೆ ಬಾಡಿಗೆ ಕೊಡಕೂಡದು. ಜೈಲಿನ ಮಾಲನ್ನು ಪೇಟೆಯ ಧಾರಣೆಗಿಂತ ಇಳಿಸಿ ಮಾರಕೂಡದು.

೫. ಕೆಲಸದ ಹಂಚಿಕೆಯಲ್ಲಿ ಜಾತಿಯ ನೆರಳೂ ಸುಳಿಯಕೂಡದು.

ಖೈದಿಯ ಕೈಗೆ ಸಲಕರಣೆ ಕೊಡಿ. ಅದರೊಡನೆ ಕೂಲಿಯನ್ನೂ ಕೊಡಿ. ಆಗ ಅವನ ಅನ್ನದ ಪಾಲನ್ನು ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ. ಕೂಲಿಯಿಲ್ಲದ ದುಡಿಮೆ ಸೆರೆಮನೆಯ ಗೋಡೆಯೊಳಗೆ ಉಳಿಯುವಂಥದಲ್ಲ. ಅಲ್ಲಿ ಅದನ್ನು ನಾವು ಒಪ್ಪಿಕೊಂಡರೆ ನಾಳೆ ಅದೇ ನ್ಯಾಯವನ್ನು ಹಿಡಿದು ಗಿರಣಿಯ ಧಣಿ ನಮ್ಮ ಮುಂದೆ ನಿಲ್ಲುತ್ತಾನೆ. ಕಾರ್ಮಿಕರೂ ವ್ಯಾಪಾರಿ ಬಂಧುಗಳೂ ಇದನ್ನು ಮನಗಂಡು, ಜಗಲಿಯ ಮಾತನ್ನು ಅಲ್ಲಿಗೇ ಬಿಡದೆ, ತಮ್ಮ ತಮ್ಮ ಸಂಘಗಳಲ್ಲಿ ಚರ್ಚಿಸಿ ಶಾಸಕರ ಮುಂದೆ ಈ ಒತ್ತಾಯಗಳನ್ನು ಇಡಬೇಕೆಂದು ಕೋರುತ್ತೇವೆ.